ಹಸಿರಾದ ರಣರಂಗ

ಗೊಂಬೆ ಮಾಡುವ ಶಂಭಯ್ಯ ಪುಟ್ಟದೊಂದು ರಣರಂಗವನ್ನು ಕಟ್ಟಿದ. ಇರುಳಲ್ಲೂ ಎಲ್ಲವನ್ನೂ ಹಸಿರಾಗಿ ತೋರಿಸುವ ದುರ್ಬೀನಿನಿಂದ ನೋಡಿದ ಹಾಗಿರಲಿ ಎಂದು ನಡುವಿನ ಗೋಡೆಗೂ ಅದರ ಆಚೀಚೆಯ ಎರಡೂ ಸೈನ್ಯದ ಗೊಂಬೆಗಳಿಗೂ ಒಂದೇ ಹಸಿರು ಬಳಿದು ಊಟಕ್ಕೆ ಎದ್ದುಹೋದ.

ಕಾವಲುಗಾರ ಗೊಂಬೆಗೆ ದಿಗಿಲಾಯಿತು. "ಸಾಹೇಬರೇ, ಬೆಳಗಿನವರೆಗೆ ನಾವು ಖಾಕಿ, ಅವರು ನೀಲಿ. ಈಗ ಎಲ್ಲರೂ ಹಸಿರು. ಯಾರಿಗೆ ಗುರಿಯಿಡಲಿ?" ಎಂದು ತನ್ನ ದಳಪತಿಯನ್ನು ಕೇಳಿದ.

"ಇದನ್ನೂ ಹೇಳಿಕೊಡಬೇಕೇ? ಅಲುಗಿದವನೇ ಶತ್ರು. ಹೊಡೆ!" ಎಂದು ದಳಪತಿ ಕೈಯೆತ್ತಿ ಗರ್ಜಿಸಿದ.

ಕಾವಲುಗಾರ ಗೋಡೆಯಾಚೆ ನೋಡಿದ. ಅಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದರು. ಈಚೆ ತನ್ನವರೂ ಹಾಗೆಯೇ ನಿಂತಿದ್ದರು. ಅವನು ಬಂದೂಕನ್ನು ಮೆಲ್ಲಗೆ ದಳಪತಿಯ ಎದೆಗೆ ತಿರುಗಿಸಿದ.

"ಕ್ಷಮಿಸಬೇಕು ಸಾಹೇಬರೇ, ಅಲುಗಿದ್ದು ತಾವೊಬ್ಬರೇ."

ಎತ್ತಿದ ಕೈಯನ್ನು ಇಳಿಸುವ ಧೈರ್ಯ ದಳಪತಿಗೆ ಇಂದಿಗೂ ಬಂದಿಲ್ಲ.