ಯಲ್ಗೂರಪ್ಪನ ಪಾಳಿ

ಬಿದರಗಟ್ಟಿಯ ಪೂಜ್ಯ ತಮ್ಮಣ್ಣ ಮಹಾರಾಜರಿಗೆ ಮಠವಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ವಿಠ್ಠಲ ಮಂದಿರದ ಗೋಡೆಗೆ ಆತುಕೊಂಡ ಒಂದು ಚಪ್ಪರ, ಅದರ ಕೆಳಗೊಂದು ಕಂಬಳಿ, ಇಷ್ಟೇ ಆ ಮಹಾತ್ಮರ ಸಂಸ್ಥಾನ. ದೂರದಿಂದ ದರ್ಶನಕ್ಕೆ ಬಂದವರು "ಮಹಾರಾಜರು ಎಲ್ಲಿದ್ದಾರೆ?" ಎಂದು ಅವರನ್ನೇ ಕೇಳಿದ್ದುಂಟು. ಕೈಯಲ್ಲಿ ಸದಾ ಪುಂಡಿನಾರು, ಬಾಯಲ್ಲಿ ಸದಾ ನಾಮ. ಹೊಸೆದ ಹಗ್ಗವನ್ನು ಊರಿನ ದನಕರುಗಳಿಗೆಂದು ಕೊಟ್ಟುಬಿಡುತ್ತಿದ್ದರು.

ಆ ವರ್ಷ ಮಂದಿರದಲ್ಲಿ ಸಪ್ತಾಹ ನಡೆದಿತ್ತು. ಅದರ ನೇಮವನ್ನು ಅರಿಯದವರಿಗಾಗಿ ಹೇಳುತ್ತೇನೆ. ಏಳು ದಿನವೂ ದೇವರ ಮುಂದೆ ಒಬ್ಬರು ವೀಣೆಯನ್ನು ಕೊರಳಿಗೆ ಹಾಕಿಕೊಂಡು ನಾಮ ಹೇಳುತ್ತ ನಿಂತಿರಬೇಕು. ವೀಣೆ ನೆಲ ಮುಟ್ಟಬಾರದು, ನಾಮ ನಿಲ್ಲಬಾರದು. ಒಬ್ಬರ ಪಾಳಿ ಮುಗಿದು ವೀಣೆ ಇನ್ನೊಬ್ಬರ ಕೊರಳಿಗೆ ಹೋಗುವಾಗ ಕೊಟ್ಟವನು ತೆಗೆದುಕೊಂಡವನ ಕಾಲು ಮುಟ್ಟಬೇಕು, ತೆಗೆದುಕೊಂಡವನು ಕೊಟ್ಟವನ ಕಾಲು ಮುಟ್ಟಬೇಕು. ಅಲ್ಲಿ ಹಿರಿಯ ಕಿರಿಯ ಎಂಬ ಮಾತಿಲ್ಲ.

ಈ ಸೇವೆ ತಲೆತಲಾಂತರದಿಂದ ಊರಿನ ಭಜನಾ ಸಂಘದ್ದು. ಸಂಘದ ಮುಖಂಡ ಪುಂಡಲೀಕಪ್ಪ. ಭಕ್ತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಸಿಟ್ಟಿನಲ್ಲಿಯೂ ಇರಲಿಲ್ಲ. ತಾಳ ತಪ್ಪಿದವರನ್ನು ದೇವರ ಎದುರಿಗೇ ಝಾಡಿಸುತ್ತಿದ್ದ. ಸಂಘ ವರ್ಷದಿಂದ ವರ್ಷಕ್ಕೆ ಸೊರಗುತ್ತ ಬಂದಿತ್ತು. ಅದೇ ವಾರ ಪಕ್ಕದ ಹಳ್ಳಿಯಲ್ಲಿ ಹೊಸ ಮಂಡಳಿಯವರು ಮೈಕ್ ಹಚ್ಚಿ, ಹೊತ್ತು ಹೊತ್ತಿಗೆ ತುಪ್ಪದ ಶಿರಾ ಹಂಚಿ ತಮ್ಮದೊಂದು ಸಪ್ತಾಹ ಶುರುಮಾಡಿದ್ದೇ ತಡ, ಅಳಿದುಳಿದವರೂ ಒಬ್ಬೊಬ್ಬರಾಗಿ ಅತ್ತ ಜಾರಿಕೊಂಡರು. ಕೊನೆಗೆ ಉಳಿದವನು ಪಖವಾಜ ಬಾರಿಸುವ ಯಲ್ಗೂರಪ್ಪ, ಪುಂಡಲೀಕಪ್ಪನ ಬಾಲ್ಯದ ಗೆಳೆಯ. ಒಂದು ಮುಂಜಾನೆ ವೀಣೆಯನ್ನು ಗೆಳೆಯನ ಕೊರಳಿಗೆ ಹಾಕಿ ಅವನೂ ಹೋದ.

ಪುಂಡಲೀಕಪ್ಪ ಒಬ್ಬನೇ ನಿಂತ. ಎದುರಿಗೆ ವಿಠ್ಠಲನಿದ್ದ, ನಿಜ. ಆದರೆ ಆ ಸ್ವಾಮಿ ಯುಗಯುಗಗಳಿಂದ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತವನು. ವೀಣೆ ಹಿಡಿಯಲು ಬರುವನೆ? ಹೊತ್ತು ಇಳಿಯುವಷ್ಟರಲ್ಲಿ ಕಾಲು ಸೋತವು. ತನ್ನ ಕೈಯಲ್ಲೇ ಸಪ್ತಾಹ ಭಂಗವಾಗುವುದೆಂದು ಹೆದರಿ, ವೀಣೆ ಸಹಿತವಾಗಿಯೇ ಚಪ್ಪರಕ್ಕೆ ಬಂದ.

"ವಿಠ್ಠಲ ವಿಠ್ಠಲ! ಎಲ್ಲಾರೂ ನಡುನೀರಾಗ ಕೈ ಬಿಟ್ರು ಅಜ್ಜಾರ, ವಿಠ್ಠಲ ವಿಠ್ಠಲ! ನಾಲಿಗಿ ಚಟಕ್ಕ ದೇವರನ್ನ ಮರತ್ರು, ವಿಠ್ಠಲ ವಿಠ್ಠಲ! ಅವರ ಗಂಟಲಾ ಕಟ್ಟಿ ಹೋಗ್ಲಿ ಅಂತ ನಿಮ್ಮ ಬಾಯಿಲೆ ಒಂದ್ ಮಾತ್ ಬರ್ಲಿ, ವಿಠ್ಠಲ!"

ಮಹಾರಾಜರು ಹಗ್ಗದಿಂದ ಕಣ್ಣೆತ್ತಿದರು. "ಪಾಳಿ ಹಿಡ್ಯಾಕ ಯಾರೂ ಬರ್ಲಿಲ್ಲೇನು?"

"ಬಂದಿದ್ರಲ್ಲ! ಮನಿಯಾಕಿ ಬಂದ್ಲು. ಆಕಿ ತಮ್ಮನೂ ಆ ಊರಿಗೇ ಹೋಗ್ಯಾನ, ಕೊಡಲಿಲ್ಲ. ಮಧ್ಯಾಹ್ನ ಆ ಯಲ್ಗೂರ್ಯಾನೇ ತಿರುಗಿ ಬಂದ. 'ನೀ ಉಂಡಿಲ್ಲ, ತಾ ಇಲ್ಲೆ' ಅಂದ. ಈ ಕಾಲು ಮುರದ್ರೂ ಅವಗ ಕೊಡಂಗಿಲ್ಲ ಅಂದೆ." ಮಾತಿನ ಭರದಲ್ಲಿ ನಾಮ ಬಿಟ್ಟುಹೋದದ್ದು ನೆನಪಾಗಿ, "ವಿಠ್ಠಲ ವಿಠ್ಠಲ ವಿಠ್ಠಲ ವಿಠ್ಠಲ" ಎಂದು ಒಂದೇ ಉಸಿರಿಗೆ ಬಾಕಿ ತೀರಿಸಿದ.

ಮಹಾರಾಜರು ನಕ್ಕು ಎದ್ದರು. ವೀಣೆಯನ್ನು ತಮ್ಮ ಕೊರಳಿಗೆ ಹಾಕಿಕೊಂಡು, ನೇಮದಂತೆ ಬಾಗಿ ಪುಂಡಲೀಕಪ್ಪನ ಕಾಲು ಮುಟ್ಟಿದರು. ಅವನು ಕೆಂಡ ತುಳಿದವನಂತೆ ಹಾರಿದ.

"ಅಯ್ಯಯ್ಯ ಅಜ್ಜಾರ! ನನ್ನ ನರಕಕ್ಕ ಕಳಸ್ತೀರೇನು?"

"ನೇಮ ಐತಿ. ಹೋಗು, ಉಂಡು ಬಾ."

ಪುಂಡಲೀಕಪ್ಪ ಅವರ ಪಾದಕ್ಕೆ ಹಣೆ ಹಚ್ಚಿ ಮನೆಗೆ ಓಡಿದ. ರೊಟ್ಟಿ ಪಲ್ಯ ಹೊಟ್ಟೆ ಬಿರಿಯೆ ಉಂಡು, ಗೋಡೆಗೆ ಆತು ಚೂರು ಕಣ್ಣು ಮುಚ್ಚಿ ಮಂದಿರಕ್ಕೆ ಮರಳಿದ. ನೋಡುತ್ತಾನೆ, ಮಹಾರಾಜರು ಕಂಬದ ಬುಡದಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದಾರೆ. ದೇವರ ಮುಂದೆ ವೀಣೆ ಹಾಕಿಕೊಂಡು ಯಲ್ಗೂರಪ್ಪ ನಿಂತಿದ್ದಾನೆ! ಉಂಡದ್ದೆಲ್ಲ ಪುಂಡಲೀಕಪ್ಪನ ನೆತ್ತಿಗೇರಿತು.

"ಅಜ್ಜಾರ, ಈ ದ್ರೋಹಿ ಕೊರಳಾಗ ಹಾಕಿದ್ರ್ಯಾ?"

ಮಹಾರಾಜರು ಶಾಂತರಾಗಿ ಕೇಳಿದರು: "ಮುಂಜಾನೆ ಹೋಗೋ ಮುಂದ ಇಂವ ವೀಣಾ ನೆಲದ ಮ್ಯಾಲ ಒಗದು ಹೋದ್ನೇನು?"

"ಇಲ್ರಿ. ನನ್ನ ಕೊರಳಾಗ ಹಾಕಿ ಹೋದ."

"ನಿನ್ನ ಕಾಲು ಮುಟ್ಟಿದ್ನಿಲ್ಲೋ?"

"ಮುಟ್ಟಿದ್ರಿ."

"ನೀ?"

ಪುಂಡಲೀಕಪ್ಪ ದನಿ ತಗ್ಗಿಸಿ, "ನಾ ಮಾರಿ ತಿರುವಿ ನಿಂತಿದ್ನಿರಿ" ಎಂದ.

"ಹಂಗಾರ ಅವನ ಪಾಳಿ ಇನ್ನೂ ಮುಗದಿಲ್ಲ. ಅಂವ ಬಿಟ್ಟು ಹೋಗಿಲ್ಲಪಾ, ನೀ ಅವನ್ನ ಕಳಿಸಿಕೊಟ್ಟಿಲ್ಲ."

ಇಷ್ಟು ನುಡಿದು ಮಹಾರಾಜರು ಮತ್ತೆ ಹಗ್ಗಕ್ಕೆ ತಿರುಗಿದರು. ಇತ್ತ ಯಲ್ಗೂರಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸತೊಡಗಿದ್ದ. ಆ ಊರಿನಲ್ಲಿ ಕುಡಿದ ಚಹಾ ಈ ಊರಿನಲ್ಲಿ ತನ್ನ ಹಕ್ಕು ಕೇಳುತ್ತಿತ್ತು. "ವಿಠ್ಠಲ ವಿಠ್ಠಲ, ಪುಂಡಲೀಕಾ, ಲಗೂನ ತಗೊಳ್ಳೋ, ವಿಠ್ಠಲ ವಿಠ್ಠಲ, ಹೊರಗ ಹೋಗ್ಬೇಕು!" ಪುಂಡಲೀಕಪ್ಪ ಕದಲಲಿಲ್ಲ. ಯಲ್ಗೂರಪ್ಪ ಕಣ್ಣಿನಲ್ಲೇ ಮಹಾರಾಜರಿಗೆ ಮೊರೆಯಿಟ್ಟ. "ನನ್ನ ಕೈ ಖಾಲಿ ಇಲ್ಲಪಾ" ಎಂದರು ಆ ಕರುಣಾಳುಗಳು.

ವೀಣೆ ಅತ್ತಿತ್ತ ತೂಗಾಡಿತು. ಪುಂಡಲೀಕಪ್ಪ ಓಡಿಹೋಗಿ ಅದನ್ನು ತನ್ನ ಕೊರಳಿಗೆ ಹಾಕಿಕೊಂಡ. ಯಲ್ಗೂರಪ್ಪ ಗಡಿಬಿಡಿಯಿಂದ ಅವನ ಕಾಲು ಮುಟ್ಟಿ ಹೊರಟೇಬಿಟ್ಟಿದ್ದ, ಅಷ್ಟರಲ್ಲಿ ಪುಂಡಲೀಕಪ್ಪ ವೀಣೆಯನ್ನು ಎದೆಗವಚಿಕೊಂಡು ಮಂಡಿಯೂರಿ ಅವನ ಎರಡೂ ಕಾಲುಗಳನ್ನು ತೋಳಿನಿಂದ ಬಳಸಿಕೊಂಡ. ಚಿಕ್ಕಂದಿನಿಂದ ಜೊತೆಗೆ ನಡೆದ ಕಾಲುಗಳು! ದುಃಖ ಒತ್ತರಿಸಿ ಬಂತು. ಬಿಕ್ಕಿ ಬಿಕ್ಕಿ ಅತ್ತ, ಹಿಡಿತ ಮಾತ್ರ ಸಡಿಲಿಸಲಿಲ್ಲ.

"ಏಳೋ ಪುಣ್ಯಾತ್ಮಾ!" ಎಂದು ಯಲ್ಗೂರಪ್ಪ ಕಂಗಾಲಾಗಿ ಕೂಗಿದ. "ಆಮ್ಯಾಲೆ ಅಳುವಂತಿ, ಈಗ ಕಾಲು ಬಿಡೋ!"

ಮಹಾರಾಜರು ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಊರು ಕಂಡದ್ದು ಅದೊಂದೇ ಸಲವಂತೆ.

ಇಬ್ಬರು ಗೆಳೆಯರೂ ಪಾಳಿ ಹಚ್ಚಿ ಸಪ್ತಾಹವನ್ನು ಸಾಂಗವಾಗಿ ಮುಗಿಸಿದರು. ಸಂಘ ಮಾತ್ರ ಉಳಿಯಲಿಲ್ಲ, ಯಲ್ಗೂರಪ್ಪ ಹೊಸ ಮಂಡಳಿಗೇ ಹೋದ. ಅವನ ಪಖವಾಜವನ್ನು ಬಂಡಿಯವರೆಗೆ ಹೊತ್ತವನು ಪುಂಡಲೀಕಪ್ಪ. ಅಷ್ಟಕ್ಕೇ ಅವನಿಗೆ ಸಮಾಧಾನವಾಗಲಿಲ್ಲ. ಅವನು ಮುಖ ತಿರುವಿದ್ದು ಯಲ್ಗೂರಪ್ಪನೊಬ್ಬನಿಗೇ ಅಲ್ಲ, ಹೋದವರೆಲ್ಲರಿಗೂ. ಆದ್ದರಿಂದ ಒಬ್ಬೊಬ್ಬರ ಮನೆಗೂ ಹೊರಟ. ಅವನು ಬರುವುದನ್ನು ಕಂಡವರು ಒದೆ ಬೀಳುವುದು ಖಾತ್ರಿಯೆಂದು ಹಿತ್ತಲ ಬಾಗಿಲಿನಿಂದ ಓಟ ಕಿತ್ತರು. ಅವನೂ ಬಿಡಲಿಲ್ಲ. ಕಂಬಾರ ಮಾನಪ್ಪನನ್ನಂತೂ ಜೋಳದ ಹೊಲದ ನಡುವೆ ಅಟ್ಟಿಸಿಕೊಂಡು ಹೋದ. ಓಡಿ ಸಾಕಾದ ಮಾನಪ್ಪ ಬದುವಿನ ಮೇಲೆ ಕುಸಿದು, "ಹೊಡೀಬ್ಯಾಡೋ ಯಣ್ಣಾ" ಎಂದು ಕಣ್ಣು ಮುಚ್ಚಿದ.

ಪುಂಡಲೀಕಪ್ಪ ಏದುಸಿರು ಬಿಡುತ್ತ ಅವನ ಮಣ್ಣುಗಾಲಿನ ಮೇಲೆ ಹಣೆಯಿಟ್ಟು, "ಹೋಗಿ ಬಾರಪಾ" ಎಂದ.