ಹಣ್ಣಿನ ವ್ಯಾಪಾರಿಯ ತಪಾಸಣೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಮ್ಮ ಬಳಿಗೆ ಬರುವ ಮೊದಲು ನಾನು ಸಿಟ್ಟು, ಹೊಟ್ಟೆಕಿಚ್ಚು ಎಲ್ಲವನ್ನೂ ಬಿಟ್ಟು ಮನಸ್ಸನ್ನು ಚೊಕ್ಕಟ ಮಾಡಿಕೊಳ್ಳುತ್ತೇನೆ. ತಾವು ಹೇಳಿದ್ದನ್ನೆಲ್ಲ ಕೇಳುತ್ತೇನೆ. ಆದರೂ ಮನೆಗೆ ಮರಳಿದ ಮೇಲೆ ಮೊದಲಿನಂತೆಯೇ ಇರುತ್ತೇನೆ. ಏಕೆ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಹಣ್ಣಿನ ವ್ಯಾಪಾರಿಯಿದ್ದ. ಅವನ ಹೃದಯ ದುರ್ಬಲವಾಗಿತ್ತು. ರಕ್ತವನ್ನು ತಳ್ಳುವ ಶಕ್ತಿ ಅದಕ್ಕೆ ಸಾಲದೆ ಮೈಯಲ್ಲಿ ನೀರು ನಿಲ್ಲುತ್ತಿತ್ತು. ಪಾದ ಊದುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಅವನನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲಿಲ್ಲ. ಮನೆಯಲ್ಲೇ ಇರಿ, ಉಪ್ಪು ಕಡಿಮೆ ಮಾಡಿ, ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳಿ, ನೀರಿಳಿಸುವ ಮಾತ್ರೆ ಹೇಳಿದಷ್ಟೇ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ತೂಕ ಏರತೊಡಗಿದರೆ ತಿಂಗಳು ಕಾಯದೆ ನರ್ಸಿಗೆ ಫೋನ್ ಮಾಡಬೇಕು, ಸುಮ್ಮನಿದ್ದರೆ ಜೀವಕ್ಕೇ ಅಪಾಯ ಎಂದೂ ಹೇಳಿದರು.

ವ್ಯಾಪಾರಿಗೆ ಆಸ್ಪತ್ರೆಯ ಮಂಚವೆಂದರೆ ಭಯ. ಊದಿದ ಕಾಲು ಕಂಡರೆ ಅಲ್ಲೇ ಮಲಗಿಸಿಬಿಡುತ್ತಾರೆ ಎಂದುಕೊಂಡ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ: ಒಳ್ಳೆಯ ಹಣ್ಣನ್ನು ಬುಟ್ಟಿಯ ಮೇಲ್ಗಡೆ ಜೋಡಿಸುವುದು. ತಿಂಗಳೆಲ್ಲ ಹಪ್ಪಳ, ಉಪ್ಪಿನಕಾಯಿ ನಡೆಯುತ್ತಿತ್ತು. ತಪಾಸಣೆ ಹತ್ತಿರ ಬಂದಾಗ ಸಪ್ಪೆ ಗಂಜಿ ಕುಡಿದು, ಮಾತ್ರೆಯನ್ನು ಹೇಳಿದ್ದಕ್ಕಿಂತ ಹೆಚ್ಚು ನುಂಗಿ, ಊತ ಇಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗುತ್ತಿದ್ದ. ಡಾಕ್ಟರಿಗೆ ಸಂತೋಷವಾಯಿತು. ಇಷ್ಟು ಚೆನ್ನಾಗಿದ್ದಾರಲ್ಲ ಎಂದು ಮಾತ್ರೆ ಕಡಿಮೆ ಮಾಡಿದರು. ವ್ಯಾಪಾರಿ ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡ. ಮುಂದಿನ ಸಲ ಇನ್ನಷ್ಟು ಕಡಿಮೆಯಾಯಿತು. ಹೀಗೆ ಅವನು ಆಸ್ಪತ್ರೆಯಲ್ಲಿ ಗುಣವಾಗುತ್ತ ಹೋದ. ಮನೆಯಲ್ಲಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡತೊಡಗಿದ.

ಹೆಂಡತಿ ಗಾಬರಿಯಾಗಿ, ಅವನಿಗೆ ತಿಳಿಸದೆ ನರ್ಸಿಗೆ ಫೋನ್ ಮಾಡಿದಳು. ನರ್ಸ್ ಮನೆಗೇ ಬಂದಳು. ವ್ಯಾಪಾರಿ ಪಂಚೆಯನ್ನು ಪಾದದವರೆಗೆ ಎಳೆದುಕೊಂಡು, ಏದುಸಿರಿನಲ್ಲೇ ಆಕ್ಷೇಪಿಸಿದ: "ಹೇಳದೆ ಕೇಳದೆ ಬಂದರೆ ಹೇಗಮ್ಮ? ತಪಾಸಣೆ ಇರುವುದು ಸೋಮವಾರ. ಅಷ್ಟರಲ್ಲಿ ನಾನು ಚೆನ್ನಾಗಿರುತ್ತೇನೆ."

"ಸೋಮವಾರ ಚೆನ್ನಾಗಿರುವ ಯಜಮಾನರಿಗೆ ಔಷಧಿ ಬೇಕಾಗಿಲ್ಲ," ಎಂದಳು ನರ್ಸ್. "ನನಗೆ ಇವತ್ತು ಏದುಸಿರು ಬಿಡುವ ಯಜಮಾನರು ಬೇಕು. ಆಟೋ ಹತ್ತಿ."

ಅವನು ಇಸ್ತ್ರಿ ಅಂಗಿ ಕೇಳಿದ. ಹೆಂಡತಿ ಕೊಡಲಿಲ್ಲ.

ಡಾಕ್ಟರು ಆ ಕಾಲುಗಳನ್ನು ನಿಜರೂಪದಲ್ಲಿ ನೋಡಿದ್ದು ಅಂದೇ. ಬೈಯಲಿಲ್ಲ, ಮಂಚವನ್ನೂ ತೋರಿಸಲಿಲ್ಲ. ಕುರ್ಚಿಯಲ್ಲೇ ಕೂರಿಸಿ ಇಂಜೆಕ್ಷನ್ ಕೊಟ್ಟು ನೀರಿಳಿಸಿದರು, ಮಾತ್ರೆಯನ್ನು ಮೊದಲಿನಷ್ಟೇ ಮಾಡಿದರು, ಸಂಜೆ ಮನೆಗೆ ಕಳಿಸಿದರು. ಆಮೇಲಿಂದ ಅವನು ಕಾಲು ಹೇಗಿದ್ದರೆ ಹಾಗೆಯೇ ಹೋಗಿ ತೋರಿಸಿ ಬರುತ್ತಾನೆ. ಹಪ್ಪಳ ತಿಂದಿದ್ದರೆ ಅದನ್ನೂ ಹೇಳುತ್ತಾನೆ, ಡಾಕ್ಟರು ಬೈಯುತ್ತಾರೆ. ಈಗ ಉದ್ದಕ್ಕೆ ಮಲಗಿ ನಿದ್ದೆ ಮಾಡುತ್ತಾನೆ. ಗೊರಕೆ ಜಾಸ್ತಿ ಎಂಬುದು ಹೆಂಡತಿಯ ದೂರು.

ಶಿಷ್ಯ ವ್ಯಾಪಾರಿಯನ್ನು ನೆನೆದು ನಗುತ್ತಿದ್ದ. ಗುರುಗಳು ಹೇಳಿದರು: "ಅಪ್ಪಾ, ನೀನು ಪ್ರತಿ ಸಲ ಮನೆಯಲ್ಲಿ ಬಿಟ್ಟು ಬರುವ ಆ ಸಿಟ್ಟಿನವನನ್ನು ನಾನಿನ್ನೂ ನೋಡಿಯೇ ಇಲ್ಲ."