ಪಾದವಿಲ್ಲದ ಬೆಳ್ಳಿ ವಿಗ್ರಹ

“ಗುರುಗಳೇ, ಮನಸ್ಸು ಶುದ್ಧವಾಗಿದ್ದರೆ ಸಾಲದೇ? ಜಡವಸ್ತುವಿನ ಗುಣ ತಿಳಿದು ನನಗೇನಾಗಬೇಕು?” ಎಂದು ಶಿಷ್ಯ ಕೇಳಿದ. ಮೂರು ದಿನದಿಂದ ಅವನು ಗುರುವಿನ ಅಪ್ಪಣೆಯಂತೆ ಮರಳು, ಎಣ್ಣೆ, ತುಪ್ಪ, ಜೇನು ಇವುಗಳನ್ನು ಒಂದೇ ಬಟ್ಟಲಿಗೆ ತುಂಬಿ ತೂಗುತ್ತಿದ್ದ. ವೇದಾಂತ ಕಲಿಯಲು ಬಂದವನಿಗೆ ಇದು ದಿನಸಿ ಅಂಗಡಿಯ ಕೆಲಸವಾಗಿ ಕಂಡಿತ್ತು.

ಗುರು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಎರಕದವನಿದ್ದ. ಕಂಚಿನ ವಿಗ್ರಹ ಮಾಡುವುದು ಅವನ ಮನೆತನದ ಕಸುಬು. ಮೊದಲು ಮೇಣದಲ್ಲಿ ವಿಗ್ರಹ ತಿದ್ದಿ, ಅದನ್ನು ತೂಗಿ, ಮೇಲೆ ಮಣ್ಣು ಮೆತ್ತಿ ಕಾಯಿಸುತ್ತಿದ್ದ. ಮೇಣ ಕರಗಿ ಹರಿದುಹೋಗುತ್ತಿತ್ತು. ಅದು ಬಿಟ್ಟ ಜಾಗಕ್ಕೆ ಲೋಹ ಎರೆಯುತ್ತಿದ್ದ. ಒಂದು ತೂಕ ಮೇಣಕ್ಕೆ ಒಂಬತ್ತು ತೂಕ ಲೋಹ. ಇದು ತಾತ ಹೇಳಿಕೊಟ್ಟ ಅಳತೆ. ಏಕೆ ಒಂಬತ್ತು ಎಂದು ತಾತ ಹೇಳಿರಲಿಲ್ಲ, ಇವನು ಕೇಳಿರಲೂ ಇಲ್ಲ.

ಒಮ್ಮೆ ಊರವರು ಧಾರಾಳವಾಗಿ ಬೆಳ್ಳಿ ತಂದುಕೊಟ್ಟು, ದೇವರ ವಿಗ್ರಹ ಮಾಡಿಕೊಡು ಎಂದರು. ಅವನು ಬೆಳ್ಳಿಯ ಕೆಲಸ ಹಿಡಿದದ್ದು ಅದೇ ಮೊದಲು. ಕಂಚನ್ನು ಕರಗಿಸಿ ಇಟ್ಟಿಗೆಯಂಥ ಗಟ್ಟಿಗಳಾಗಿ ಎರೆಯುವ ಅಚ್ಚಿನಲ್ಲೇ ಬೆಳ್ಳಿಯನ್ನೂ ಗಟ್ಟಿಗಳಾಗಿ ಎರೆದಿಟ್ಟುಕೊಂಡ. ಉಪವಾಸವಿದ್ದು, ಮಂತ್ರ ಹೇಳುತ್ತ, ಒಂದಕ್ಕೆ ಒಂಬತ್ತರಂತೆ ಕರಗಿಸಿ ಎರೆದ. ವಿಗ್ರಹವನ್ನು ತಲೆಕೆಳಗಾಗಿ ಎರೆಯುವುದು ಪದ್ಧತಿ. ಆರಿದ ಮೇಲೆ ಮಣ್ಣು ಒಡೆದು ನೋಡಿದ. ಕಿರೀಟವಿತ್ತು, ಮುಖವಿತ್ತು, ಮೊಣಕಾಲಿತ್ತು. ಪಾದಗಳಿರಲಿಲ್ಲ.

ಅಳತೆ ತಪ್ಪಿರಲಾರದು, ಅದು ತಾತನದು. ಹಾಗಾದರೆ ದೇವರೇ ಈ ಮನೆಯಲ್ಲಿ ಪಾದ ಊರಲು ಒಪ್ಪಲಿಲ್ಲ. ಹೀಗೆ ತೀರ್ಮಾನಿಸಿ ಅವನು ಮನೆಯಲ್ಲಿ ಮೈಲಿಗೆ ಎಲ್ಲಿದೆಯೆಂದು ಹುಡುಕತೊಡಗಿದ. ಅಷ್ಟರಲ್ಲಿ ಹೆಂಡತಿ ಬಂದಳು.

“ನನಗೊಂದು ಅನುಮಾನ ರೀ. ಗಟ್ಟಿಗಳೆಲ್ಲ ಒಂದೇ ಅಚ್ಚಿನವು. ಆದರೂ ಬೆಳ್ಳಿಯದು ಕಂಚಿನದಕ್ಕಿಂತ ಭಾರ. ಕೈಗೇ ಗೊತ್ತಾಗುತ್ತೆ.”

“ದೇವರ ಬೆಳ್ಳಿ ಮುಟ್ಟಿದೆಯಾ?”

“ಕಸ ಗುಡಿಸುವಾಗ ಎತ್ತಿಟ್ಟೆ. ಅದಕ್ಕೇನೀಗ? ಭಾರ ಇದೆ ಅಂತಿದೀನಲ್ಲ, ಅದನ್ನ ಕೇಳಿ.”

ಅವನು ಕೇಳಲಿಲ್ಲ. ಅವನು ಹುಡುಕುತ್ತಿದ್ದದ್ದು ಸಿಕ್ಕಿತ್ತು. ಹದಿನಾರು ವರ್ಷ ಜೊತೆಯಲ್ಲಿ ಬಾಳಿದವಳನ್ನು ಆ ದಿನವೇ ತವರಿಗೆ ಕಳಿಸಿದ. ಊರಿಗೆಲ್ಲ ಕಾರಣವನ್ನೂ ಹೇಳಿದ.

ನಲವತ್ತೆಂಟು ದಿನ ವ್ರತ ಮಾಡಿದ. ಕೆಟ್ಟ ವಿಗ್ರಹವನ್ನು ಕರಗಿಸಿ, ಹೊಸದಾಗಿ ಮೇಣ ತಿದ್ದಿ, ಮತ್ತೆ ಒಂದಕ್ಕೆ ಒಂಬತ್ತರಂತೆ ಎರೆದ. ಈ ಸಲವೂ ಪಾದಗಳು ಬರಲಿಲ್ಲ. ದೂರಲು ಮನೆಯಲ್ಲಿ ಇನ್ಯಾರೂ ಉಳಿದಿರಲಿಲ್ಲ.

ಮಿಕ್ಕ ಗಟ್ಟಿಗಳನ್ನು ಎತ್ತಿಡುವವರೂ ಇರಲಿಲ್ಲ. ತಾನೇ ಎತ್ತಿದ. ಎಡಗೈಯಲ್ಲಿ ಕಂಚಿನ ಗಟ್ಟಿ, ಬಲಗೈಯಲ್ಲಿ ಬೆಳ್ಳಿಯದು. ಬಲಗೈ ಕೆಳಗೆ ಜಗ್ಗಿತು. ಬೆಳ್ಳಿಯನ್ನು ಅವನು ಮೊದಲೂ ಎತ್ತಿದ್ದ. ಆಗ ಅವನ ಗಮನವೆಲ್ಲ ಮಂತ್ರದ ಮೇಲಿತ್ತು. ಈಗ ಗಟ್ಟಿ ಎರೆದ ಅದೇ ಅಚ್ಚಿಗೆ ಮೇಣ ಹೊಯ್ದು, ಮೂರನ್ನೂ ತೂಗಿದ. ಮೇಣ ಒಂದಾದರೆ ಕಂಚು ಒಂಬತ್ತು, ಬೆಳ್ಳಿ ಹನ್ನೊಂದು. ಭಾರವಾದ ಲೋಹ ಅಷ್ಟೇ ತೂಕಕ್ಕೆ ಕಡಿಮೆ ಜಾಗ ತುಂಬುತ್ತದೆ. ತಲೆಕೆಳಗಾದ ಅಚ್ಚು ಪಾದದ ತನಕ ತುಂಬುವಷ್ಟು ಬೆಳ್ಳಿಯನ್ನು ಅವನು ಹಾಕಿರಲೇ ಇಲ್ಲ.

ಮೂರನೆಯ ಸಲ ಹನ್ನೊಂದರಂತೆ ಎರೆದ. ವ್ರತ ಮಾಡಲಿಲ್ಲ. ಪಾದಗಳು ಬಂದವು, ಉಗುರು ಸಮೇತ.

ಮರುದಿನ ಹೆಂಡತಿಯ ತವರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಅವಳು ಹೊಸ್ತಿಲ ಒಳಗೇ ನಿಂತು ಕೇಳಿದಳು.

“ನಾನು ಹೇಳಿದಾಗ ನಂಬಲಿಲ್ಲ. ತಕ್ಕಡಿ ಹೇಳಿದ ಮೇಲೆ ನಂಬಿದಿರಿ.”

“ತಪ್ಪಾಯಿತು. ಮನೆಗೆ ಬಾ.”

“ನನ್ನದು ಮೈಲಿಗೆ ಅಂತ ಊರಿಗೆಲ್ಲ ಸಾರಿದಿರಲ್ಲ. ನಿಮ್ಮ ಅಳತೆ ತಪ್ಪಿತ್ತು ಅಂತಲೂ ಸಾರಿದಿರಾ?”



ಗುರು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ.

“ಏನೇ ಆದರೂ ಅವನ ಮನಸ್ಸು ಶುದ್ಧವಾಗಿಯೇ ಇತ್ತಲ್ಲ ಗುರುಗಳೇ. ಅವಳು ಮರಳಿ ಬಂದಿರಬೇಕು?”

ಗುರು ತಕ್ಕಡಿಯನ್ನು ಅವನ ಮುಂದಕ್ಕೆ ಸರಿಸಿದರು.

“ಎರಕ ತಪ್ಪಿದರೆ ಬೆಳ್ಳಿಯನ್ನು ಮತ್ತೆ ಕರಗಿಸಬಹುದು. ಊರಿಗೆಲ್ಲ ಸಾರಿದ ಮಾತನ್ನು ಕರಗಿಸಲಾದೀತೇ?”